ಕೆರೆಯಲ್ಲಿ ಹೊಡೆದ ಕಡಲಿನ ಗೂಟ

ಹಿತ್ತಲ ಗಿಡ ಮದ್ದಲ್ಲ ನೋಡಿ. ಹೊಳಲ್ಕೆರೆಯ ಜಗಳ ಬಿಡಿಸಲು ಕಡಲ ತೀರದಿಂದಲೇ ಒಬ್ಬ ಸಾಹೇಬರು ಬರಬೇಕಾಯಿತು. ತೊಂಬತ್ತರ ದಶಕದ ಮಾತು. ಪೇಟೆ ಪಕ್ಕದ ಕೆರೆಯಲ್ಲಿ ಅಮ್ಮ ಊರವರ ಬಟ್ಟೆ ಒಗೆಯುತ್ತಿದ್ದಳು. ಅದೇ ಕೆರೆಯ ಮಣ್ಣು ತೋಡುವ ಇಟ್ಟಿಗೆಯವರು ನೀರನ್ನೆಲ್ಲ ರಾಡಿ ಮಾಡುತ್ತಿದ್ದರು. ನೀರು ಕೆಟ್ಟ ದಿನ ನಮ್ಮ ಮನೆಯ ಒಲೆ ಉರಿಯುತ್ತಿರಲಿಲ್ಲ.

ಸಾಹೇಬರು ಕರಾವಳಿಯಲ್ಲಿ ದೊಡ್ಡ ದೋಣಿ, ಸಣ್ಣ ದೋಣಿಯವರ ಜಗಳ ಬಿಡಿಸಿದ ಮಹಾನುಭಾವರು. ಅಲ್ಲಿನ ಸೂತ್ರವನ್ನೇ ಹೊತ್ತು ತಂದಿದ್ದರು: ದಡದ ಹತ್ತಿರದ್ದು ಸಣ್ಣವರಿಗೆ, ಒಳಗಿನದು ದೊಡ್ಡವರಿಗೆ. ತುಂಬಿದ ಕೆರೆಯಲ್ಲಿ ಸಾಲಾಗಿ ಗೂಟ ಹೊಡೆಸಿದರು. ಈಚೆ ಬಟ್ಟೆ ಒಗೆಯುವ ನಾವು, ಆಚೆ ಇಟ್ಟಿಗೆಯವರು, ಯಾರೂ ದಾಟಕೂಡದು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಂತೆ ಒಗೆಯುವ ಕಲ್ಲನ್ನೂ ಹಗ್ಗ ಕಟ್ಟಿ ಎಳೆದುಕೊಂಡು ಹೋಗುವುದು ನಮ್ಮ ಪದ್ಧತಿ. ಗೂಟವೂ ಹಾಗೇ ನೀರಿನ ಹಿಂದೆ ಹೋಗುತ್ತದೆಂದು ನಂಬಿ ನಮ್ಮವರು ಹೆಬ್ಬೆಟ್ಟು ಒತ್ತಿದರು.

ಕಡಲು ಇಳಿದರೆ ಮತ್ತೆ ಏರುತ್ತದಂತೆ, ಅದೂ ದಿನಕ್ಕೆರಡು ಸಲ. ನಮ್ಮ ಕೆರೆಗೆ ಅಷ್ಟು ಉತ್ಸಾಹವಿಲ್ಲ. ಶಿವರಾತ್ರಿ ಹೊತ್ತಿಗೆ ನೀರೆಲ್ಲ ಗೂಟದ ಆಚೆ. ನಮ್ಮ ಪಾಲಿಗೆ ಒಣಮಣ್ಣು. ಕಲ್ಲು ಎಳೆಯಲು ಹೋದರೆ ಇಟ್ಟಿಗೆ ಯಜಮಾನನ ಆಳುಗಳು ಅಡ್ಡ ನಿಂತರು. ಊರಲ್ಲೇ ಬಿಡಾರ ಹೂಡಿದ್ದ ಸಾಹೇಬರನ್ನು ಅಮ್ಮ ಕೇಳಿದಳು.

"ಒಪ್ಪಂದ ಅಂದ್ರೆ ಒಪ್ಪಂದ ಕಣಮ್ಮ. ನೀವೇ ಹೆಬ್ಬೆಟ್ಟು ಹಾಕಿದ್ದೀರಿ."

ಆಹಾ, ಎಂಥ ನ್ಯಾಯ! ನನಗೆ ಮೈಯೆಲ್ಲ ಉರಿಯಿತು.

ಅಮ್ಮ ಮಾತ್ರ ಬೈಯಲಿಲ್ಲ. ಸಾಹೇಬರ ಬಟ್ಟೆ, ಯಜಮಾನನ ಬಟ್ಟೆ ಎರಡೂ ಒಗೆಯಲು ಬರುತ್ತಿದ್ದದ್ದು ಅವಳ ಹತ್ತಿರವೇ. ಬಿಳಿ ಅಂಗಿ, ಪಂಚೆಗಳನ್ನೆಲ್ಲ ಒಣಮಣ್ಣಿನಲ್ಲಿ ಹೊರಳಿಸಿ, ಕಲ್ಲಿಗೆ ಚೆನ್ನಾಗಿ ಬಡಿದು, ಅಚ್ಚುಕಟ್ಟಾಗಿ ಮಡಿಸಿ ಇಬ್ಬರಿಗೂ ಕೊಟ್ಟು ಬಂದಳು. ಸಾಹೇಬರು ಅಂಗಿ ಹಿಡಿದು ಕೆರೆಗೇ ಓಡಿಬಂದರು, ಹಿಂದೆಯೇ ಯಜಮಾನ.

"ಏನಮ್ಮ ಇದು, ಇದೂ ಒಗೆಯೋ ರೀತೀನಾ?"

"ನಮ್ ಪಾಲಿಗೆ ಬಂದಿದ್ರಾಗೇ ಒಗ್ದೀನ್ರಿ ಸಾಹೇಬ್ರೆ. ಗೂಟ ದಾಟಂಗಿಲ್ವಲ್ಲ! ಹೆಬ್ಬೆಟ್ಟು ಬ್ಯಾರೆ ಐತೆ."

ಯಜಮಾನ ಮುಂದೆ ಬಂದು ಕೈಮುಗಿದ. "ಯಕ್ಕಾ, ನಾಡಿದ್ದು ಮಗಳ ನಿಶ್ಚಿತಾರ್ಥ ಐತೆ. ಕಲ್ಲು ಎಲ್ಲಿಗ್ ಬೇಕೋ ಅಲ್ಲಿಗ್ ಎಳ್ಕಳ್ರಿ."

"ಮೊದ್ಲು ಗೂಟ ಕೀಳ್ಸ್ರಿ. ಮಣ್ಣು ಆ ಕಡೀಗೆ, ನೀರಿಂದ ದೂರ ತೋಡ್ರಿ."

ಅಡ್ಡ ನಿಂತಿದ್ದ ಆಳುಗಳೇ ಗೂಟ ಕಿತ್ತರು, ಅವರೇ ಕಲ್ಲನ್ನು ನೀರಿನ ಅಂಚಿಗೆ ಎಳೆದರು. ಅಮ್ಮ ಮೊದಲು ನಮ್ಮ ಮನೆಯ ಬಟ್ಟೆ ತೆಗೆದುಕೊಂಡಳು. ಜಗಳ ಬಿಡಿಸಲು ಬಂದ ಸಾಹೇಬರು ಮಣ್ಣಿನ ಅಂಗಿ ಹಿಡಿದು ತಮ್ಮ ಸರದಿಗೆ ಕಾಯುತ್ತ ನಿಂತರು.