ಬಾಗಿಲ ಮೇಲಿನ ನಾಲ್ಕು ತರಗತಿ

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಬಾಗಿಲೇ ಕರಿಹಲಗೆಯಾಗಿತ್ತು. ಅದರ ಒಳಬದಿಗೆ ಕಪ್ಪು ಬಣ್ಣ ಬಳಿದು, ಮೇಲಿನಿಂದ ಕೆಳಗಿನವರೆಗೆ ಗೆರೆ ಎಳೆದು ನಾಲ್ಕು ಪಾಲು ಮಾಡಿದ್ದರು. ನಾಲ್ಕು ಮಕ್ಕಳಿಗೆ ನಾಲ್ಕು ಪಾಲು. ಬರೆಯುವುದಕ್ಕೆ ಬಟ್ಟೆಯ ಮೇಲೆ ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣ. ಹೊಲಿಯಲು ಬಟ್ಟೆ ತಂದವರು ಬಾಗಿಲು ನೂಕಿ ಒಳಗೆ ಬಂದರೆಂದರೆ ನಾಲ್ಕೂ ತರಗತಿಗಳು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದವು. ಬಂದವರು ಹೋಗುವವರೆಗೆ ಮಕ್ಕಳಿಗೆ ರಜೆ.

ಆ ಮನೆಯಾಕೆಯನ್ನು ನಾವೆಲ್ಲ ಟೈಲರಮ್ಮ ಎಂದೇ ಕರೆಯುತ್ತಿದ್ದೆವು. ಗಂಡ ರಸ್ತೆ ಕೆಲಸದಲ್ಲಿ ರೋಲರ್ ಓಡಿಸುವವನು. ರಸ್ತೆ ಎಲ್ಲಿಗೆ ಹೋಯಿತೋ ಸಂಸಾರವೂ ಅದರ ಹಿಂದೆ ಹೋಗುತ್ತಿತ್ತು. ಪಾತ್ರೆ, ಹಾಸಿಗೆ, ಹೊಲಿಗೆ ಯಂತ್ರ ಎಲ್ಲವೂ ಲಾರಿ ಹತ್ತುತ್ತಿದ್ದವು. ವರ್ಷದ ನಡುವೆ ಬಂದ ಮಕ್ಕಳನ್ನು ಯಾವ ಶಾಲೆಯವರೂ ಸುಲಭವಾಗಿ ಸೇರಿಸಿಕೊಳ್ಳುತ್ತಿರಲಿಲ್ಲ. ಒಂದು ಕಡೆ ಹಿರಿಯ ಮಗಳನ್ನು ಸೇರಿಸಿಕೊಂಡರು, ಆದರೆ ಎರಡು ತರಗತಿ ಕೆಳಗೆ. ಬೆಂಚಿನ ಕೆಳಗೆ ಅವಳ ಮೊಣಕಾಲು ಹಿಡಿಸುತ್ತಿರಲಿಲ್ಲವಂತೆ. ಪಕ್ಕದಲ್ಲಿ ಕುಳಿತ ಚಿಕ್ಕ ಮಕ್ಕಳು ಅವಳನ್ನು 'ಅಜ್ಜಿ' ಎಂದು ಕರೆದರಂತೆ. ಕೆಲವು ದಿನ ಕಳೆಯುವುದರೊಳಗೆ ಹುಡುಗಿ ಬೆಳಗಾದರೆ ವಾಂತಿ ಮಾಡತೊಡಗಿದಳು. ಆಗ ತಾಯಿ ಅವಳನ್ನು ಬಿಡಿಸಿದಳು. ಉಳಿದವರನ್ನು ಎಲ್ಲಿಯೂ ಸೇರಿಸಲೇ ಇಲ್ಲ. ನಾನೇ ಕಲಿಸುತ್ತೇನೆ ಎಂದು ಹಟ ಹಿಡಿದು ಕುಳಿತಳು.

ನಮ್ಮ ಬೀದಿಗೆ ಬಂದ ಮೇಲೆ ಗಂಡನಿಗೆ ಖಡಾಖಂಡಿತವಾಗಿ ಹೇಳಿದಳಂತೆ: "ಇನ್ನು ನೀವು ರಸ್ತೆ ಹಿಂದೆ ಹೋಗಿ. ನಾವು ಇಲ್ಲೇ ಇರ್ತೀವಿ." ಇಲ್ಲಿಯ ಶಾಲೆಯವರು ಬೇಸಗೆ ರಜೆ ಮುಗಿದೊಡನೆ ಮಕ್ಕಳನ್ನು ಪರೀಕ್ಷಿಸಿ, ಯಾರು ಯಾವ ತರಗತಿಗೆ ಯೋಗ್ಯರೋ ಅಲ್ಲಿ ಕೂರಿಸುವುದಾಗಿ ಒಪ್ಪಿದ್ದರು. ಉಪಾಧ್ಯಾಯನಾಗಿದ್ದ ನಾನು ಸಂಜೆಯ ತಿರುಗಾಟ ಮುಗಿಸಿ ಆ ಮನೆಯ ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂರುವುದಿತ್ತು. ಆಕೆ ನನಗೆ ಹೇಳುತ್ತಿದ್ದುದು ಒಂದೇ ಮಾತು.

"ನಾಲ್ವರೂ ಅವರವರ ವಯಸ್ಸಿನ ಕ್ಲಾಸಲ್ಲೇ ಕೂರ್ಬೇಕು ಮೇಷ್ಟ್ರೇ. ಫಸ್ಟ್ ಬರೋದು ಬೇಡ, ಬಹುಮಾನ ಬೇಡ. ದೊಡ್ಡವಳಿಗೆ ಆದ ಹಾಗೆ ಇನ್ನೊಂದಕ್ಕೆ ಆಗ್ಬಾರದು, ಅಷ್ಟೇ."

ಆಕೆ ಕಲಿಸುತ್ತಿದ್ದ ರೀತಿಯನ್ನು ನಾನು ನನ್ನ ಇಷ್ಟು ವರ್ಷಗಳ ಉಪಾಧ್ಯಾಯ ವೃತ್ತಿಯಲ್ಲಿ ಬೇರೆಲ್ಲಿಯೂ ಕಾಣಲಿಲ್ಲ. ಕಾಲು ಯಂತ್ರದ ಪೆಡಲಿನ ಮೇಲೆ, ಎರಡೂ ಕೈ ಬಟ್ಟೆಯ ಮೇಲೆ, ಕಣ್ಣು ಸೂಜಿಯ ಮೇಲೆ. ಪಾಠಕ್ಕೆ ಉಳಿದದ್ದು ಬಾಯಿ ಮತ್ತು ಕಿವಿ ಮಾತ್ರ. ಯಂತ್ರ ಓಡುತ್ತಿರುವಷ್ಟು ಹೊತ್ತು ಮಕ್ಕಳು ಗಟ್ಟಿಯಾಗಿ ಓದಬೇಕು. ದಾರ ಮುಗಿದೋ ಹೊಲಿಗೆ ತಿರುಗಿಯೋ ಯಂತ್ರ ನಿಂತಾಗ ಕತ್ತರಿಯ ತುದಿ ಯಾರ ಕಡೆ ತಿರುಗುವುದೋ ಅವರು ಉತ್ತರ ಹೇಳಬೇಕು. ಹೊಲಿಯುತ್ತಿದ್ದುದು ಇವರು ಸೇರಬೇಕಿದ್ದ ಅದೇ ಶಾಲೆಯ ಮಕ್ಕಳ ಸಮವಸ್ತ್ರ.

ಮಕ್ಕಳ ಪರಿಚಯ ಹೇಳಬೇಕು. ಹಿರಿಯಳನ್ನು ಕರೆಯುತ್ತಿದ್ದುದು ದೊಡ್ಡವಳು ಎಂದೇ, ಮಾತು ಕಡಿಮೆ. ಎರಡನೆಯವನು ವಕೀಲ. ಯಾವ ಪ್ರಶ್ನೆಗೂ ಉತ್ತರ ಕೊಡುವ ಬದಲು ವಾದ ಹೂಡುತ್ತಿದ್ದುದರಿಂದ ಆ ಹೆಸರು. ಮೂರನೆಯವಳು ಗಿಣಿ, ಒಂಬತ್ತು ವರ್ಷದವಳು, ನಾಲ್ಕನೆಯ ತರಗತಿಗೆ ಹೋಗಬೇಕಾದವಳು. ಕೊನೆಯವನು ಪುಟ್ಟ, ಒಂದನೆಯ ತರಗತಿಗೆ.

"ವಕೀಲಾ, ಏಳೆಂಟ್ಲಿ ಎಷ್ಟೋ?"

"ನಿನಗೆ ಗೊತ್ತಿಲ್ವಾ ಅಮ್ಮಾ?"

"ನನಗೆ ಗೊತ್ತು. ನಿನಗೆ ಗೊತ್ತಾ ಅಂತ ಕೇಳ್ತಿರೋದು."

"ಗೊತ್ತಿರೋರು ಗೊತ್ತಿಲ್ದೋರನ್ನ ಕೇಳೋದು ಯಾವ ನ್ಯಾಯ?"

"ಐವತ್ತಾರು," ಎಂದು ಯಂತ್ರದ ಬುಡದಿಂದ ಗಿಣಿಯ ದನಿ ಬರುತ್ತಿತ್ತು.

"ಕೇಳಿಸ್ತಾ? ನಿನಗಿಂತ ಚಿಕ್ಕವಳು. ನಾಚಿಕೆ ಆಗಲ್ವೇನೋ?"

"ಅವಳಿಗೇನು, ಕಿವಿಗೆ ಬಿದ್ದಿದ್ದೆಲ್ಲ ಬರತ್ತೆ."

"ನಿನಗೆ ಅದೂ ಬರಲ್ವಲ್ಲಪ್ಪಾ! ಏನೋ ಪುಟ್ಟಾ, ಯಾಕೋ ಹಾಗೆ ಕುಣೀತಿದ್ದೀಯ?"

"ಉಚ್ಚೆ ಬಂತು."

"ಹೋಗೋ! ಅದಕ್ಕೂ ನನ್ನ ಅಪ್ಪಣೆ ಬೇಕಾ?"

"ಬಾಗಿಲು ತೆಗೆದ್ರೆ ಅಕ್ಕನ ಲೆಕ್ಕ ಹೋಗತ್ತೆ, ತೆಗೀಬೇಡ ಅಂತ ನೀನೇ ಹೇಳಿದ್ದು."

ಹೀಗೆ ನಡೆಯುತ್ತಿತ್ತು ಆ ಶಾಲೆ. ಯಂತ್ರದ ಬುಡದಲ್ಲಿ ಕುಳಿತು ಹೊಲಿಗೆಯ ಕೊನೆಯ ದಾರಗಳನ್ನು ಕತ್ತರಿಸುವುದು, ಗುಂಡಿ ಹಾಕುವುದು, ಪುಟ್ಟನ ಮೂಗು ಒರೆಸುವುದು ಗಿಣಿಯ ಕೆಲಸ. ಅವಳ ಕೈಗೆ ಬಿಡುವಿರಲಿಲ್ಲ, ಹಾಗಾಗಿ ಕೈಯಲ್ಲಿ ಪುಸ್ತಕವೂ ಇರುತ್ತಿರಲಿಲ್ಲ. ಆದರೆ ದೊಡ್ಡವಳು ಓದಿದ ಇತಿಹಾಸ, ವಕೀಲ ಗೊಣಗಿದ ವಿಜ್ಞಾನ ಎಲ್ಲವೂ ಸಂಜೆಯ ಹೊತ್ತಿಗೆ ಅವಳ ನಾಲಗೆಯ ಮೇಲಿರುತ್ತಿದ್ದವು. ಕೆಲಸ ಮುಗಿದ ಮೇಲೆ, ಬಾಗಿಲ ಮೇಲೆ ತಾಯಿ ಬರೆದಿಟ್ಟುದನ್ನು ಸ್ಲೇಟಿಗೆ ಇಳಿಸಿ ಎತ್ತಿ ತೋರಿಸುತ್ತಿದ್ದಳು. ಅಕ್ಷರ ದುಂಡಗೆ, ಮುದ್ದಾಗಿರುತ್ತಿತ್ತು. ಆಕೆ ಕುಳಿತಲ್ಲಿಂದಲೇ ನೋಡಿ, "ಗಿಣಿದು ನೋಡ್ರೋ, ಮುತ್ತು ಪೋಣಿಸಿದ ಹಾಗಿದೆ!" ಎನ್ನುತ್ತಿದ್ದಳು. ಆಕೆಯ ಚಿಂತೆಯೆಲ್ಲ ವಕೀಲನದು. ಬೈಗುಳ, ಗದರಿಕೆ, ಮುದ್ದು, ಇದ್ದಬದ್ದ ಗಮನ ಎಲ್ಲವೂ ಅವನ ಪಾಲಿಗೆ ಹೋಗುತ್ತಿತ್ತು.

ಶಾಲೆಯ ಪರೀಕ್ಷೆ ಹತ್ತಿರವಾದಾಗ ಆಕೆ ನನ್ನನ್ನು ಒಳಗೆ ಕರೆದಳು.

"ನಾನು ಕೇಳಿದ್ರೆ ಸಲಿಗೆ ಇವಕ್ಕೆ. ನೀವೊಂದು ಸಲ ಪರೀಕ್ಷೆ ಮಾಡಿ ಮೇಷ್ಟ್ರೇ. ಈ ವಕೀಲ ಎಲ್ಲಿ ಎಡವ್ತಾನೆ ಅಂತ ಗೊತ್ತಾದ್ರೆ ಸಾಕು."

ನಾನು ಪ್ರತಿಯೊಬ್ಬರಿಗೂ ಅವರವರ ಮಟ್ಟಕ್ಕೆ ತಕ್ಕಂತೆ ಒಂದೊಂದು ಹಾಳೆಯಲ್ಲಿ ಪ್ರಶ್ನೆ ಬರೆದು ತಂದೆ. ಎಲ್ಲರೂ ಚಾಪೆಯ ಮೇಲೆ ಕುಳಿತರು. ಯಂತ್ರ ಓಡುತ್ತಿತ್ತು. ವಕೀಲ ಮೊದಲ ಪ್ರಶ್ನೆಗೇ ತಕರಾರು ತೆಗೆದು, ಆಮೇಲೆ ಬರೆಯತೊಡಗಿದ. ಗಿಣಿ ಹಾಳೆಯನ್ನು ತೊಡೆಯ ಮೇಲೆ ನೀಟಾಗಿ ಹರಡಿಕೊಂಡು ನನ್ನ ಮುಖ ನೋಡುತ್ತ ಕುಳಿತಳು.

"ಬರಿ ಕಂದಾ."

"ಕೇಳಿ ಮೇಷ್ಟ್ರೇ, ಹೇಳ್ತೀನಿ."

"ಕೇಳಿರೋದು ಅದರಲ್ಲೇ ಇದೆಯಲ್ಲಮ್ಮ."

"ಇದೆ. ಆದ್ರೆ ಯಾರಾದ್ರೂ ಹೇಳ್ಬೇಕಲ್ಲಾ?"

ಅವಳು ತಮಾಷೆ ಮಾಡುತ್ತಿರಲಿಲ್ಲ. ನಾನು ಪುಸ್ತಕ ತೆಗೆದು ಒಂದು ಪುಟ ಬಿಡಿಸಿ, ಓದು ನೋಡೋಣ ಎಂದೆ. ಅವಳು ಸಾಲಿನ ಕೆಳಗೆ ಬೆರಳು ಓಡಿಸುತ್ತ ಒಂಟೆಯ ಪಾಠವನ್ನು ಒಂದು ತಪ್ಪಿಲ್ಲದೆ ಹೇಳಿದಳು. ದೊಡ್ಡವಳು ಓದುವಾಗ ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದಳೋ ಅಲ್ಲಿಯೇ ಉಸಿರು, ಎಲ್ಲಿ ಗಂಟಲು ಸರಿಮಾಡಿಕೊಳ್ಳುತ್ತಿದ್ದಳೋ ಅಲ್ಲಿ ಅದು ಕೂಡ. ನಾನು ಬಿಡಿಸಿ ಕೊಟ್ಟಿದ್ದುದು ಬಾವಿಯ ಪಾಠ.

ಯಂತ್ರ ನಿಂತಿತು.

ಟೈಲರಮ್ಮ ಕೊರಳಲ್ಲಿ ಅಳತೆಪಟ್ಟಿ ಇದ್ದ ಹಾಗೆಯೇ ಎದ್ದು ಬಂದು ಮಗಳ ಮುಂದೆ ಕುಳಿತಳು. ಒಂದು ಪದದ ಮೇಲೆ ಬೆರಳಿಟ್ಟಳು.

"ಇದೇನು ಗಿಣೀ?"

ಗಿಣಿ ಪದವನ್ನು ನೋಡಿದಳು. ಆಮೇಲೆ ಅಕ್ಕನ ಬಾಯಿ ನೋಡಿದಳು. ದೊಡ್ಡವಳ ತುಟಿ ತನಗೆ ತಿಳಿಯದೆಯೇ ಅಲುಗಿತು. ತಾಯಿ ಇನ್ನೊಂದು ಕೈ ಚಾಚಿ ದೊಡ್ಡವಳ ಬಾಯಿ ಮುಚ್ಚಿದಳು. ಗಿಣಿ ಮತ್ತೆ ಪದವನ್ನು ನೋಡಿದಳು, ತಾಯಿಯನ್ನು ನೋಡಿದಳು. ಆ ಹುಡುಗಿ ಉತ್ತರವಿಲ್ಲದೆ ಕುಳಿತದ್ದನ್ನು ಆ ಮನೆಯಲ್ಲಿ ಯಾರೂ ಅದುವರೆಗೆ ಕಂಡಿರಲಿಲ್ಲ. ಸ್ಲೇಟಿನ ಮೇಲಿನ ಮುದ್ದಾದ ಅಕ್ಷರಗಳು ಅವಳಿಗೆ ಕಾಲರಿನ ತಿರುವು, ಜೇಬಿನ ಮೂಲೆ ಇದ್ದ ಹಾಗೆ. ನೋಡಿ ಹಾಗೆಯೇ ಇಳಿಸಿಕೊಳ್ಳುವ ಆಕಾರಗಳು, ಅಷ್ಟೆ.

"ಇವಳು ನನ್ನ ಕಾಲ ಬುಡದಲ್ಲೇ ಕೂತಿದ್ಲಲ್ಲ ಮೇಷ್ಟ್ರೇ," ಎಂದಳು ತಾಯಿ.

ಮಾರನೆಯ ದಿನದಿಂದ ಆಕೆ ಯಂತ್ರಕ್ಕೆ ಬಟ್ಟೆ ಹೊದಿಸಿ ಗಿಣಿಯೊಬ್ಬಳನ್ನೇ ಎದುರಿಗೆ ಕೂರಿಸಿಕೊಂಡಳು. ನಾನೂ ಬೆಳಿಗ್ಗೆ ಹೋಗಿ ಕುಳಿತೆ. ಆದರೆ ಆ ಮನೆಯ ಪಾಠಗಳು ಯಂತ್ರದ ಸದ್ದಿಗೆ ಕಟ್ಟಿದ ಪಾಠಗಳು. ಸದ್ದು ನಿಂತದ್ದೇ ತಡ, ಉಳಿದವರ ಓದೂ ನಿಂತಿತು. ವಕೀಲ ಪುಟ್ಟನ ಪಾಲಿನ ಹಲಗೆಯಲ್ಲಿ ಕತ್ತೆಯ ಚಿತ್ರ ಬರೆದ. ಪುಟ್ಟ ಅಳುತ್ತ ಬಂದು ಗಿಣಿಯ ಸ್ಲೇಟು ಕಿತ್ತುಕೊಂಡ. ದೊಡ್ಡವಳು ಅನ್ನಕ್ಕೆ ನೀರಿಟ್ಟು ಬಂದು ಬೀಜಗಣಿತದ ಲೆಕ್ಕ ಹಿಡಿದು ನಿಂತಳು.

"ಅಮ್ಮಾ, ಈ ಲೆಕ್ಕ ಬರ್ತಾ ಇಲ್ಲ."

"ಇರು ಅಂದ್ನಲ್ಲ!"

"ಪರೀಕ್ಷೆ ನನಗೂ ಇದೆ ಅಮ್ಮಾ."

"ಒಬ್ಬಳೇ ಇದ್ದೀನಿ ಕಣೇ ನಾನು! ಎಷ್ಟು ಕಡೆ ನೋಡ್ಲಿ?"

ಅಷ್ಟರಲ್ಲಿ ಬಾಗಿಲು ತಟ್ಟಿದರು. ಸಮವಸ್ತ್ರ ಹೊಲಿಯಲು ಕೊಟ್ಟವರು, ಶಾಲೆ ತೆರೆಯುವುದರೊಳಗೆ ಬೇಕೆಂದು ಅವಸರ ಮಾಡುವವರು. ಆಕೆ ಮತ್ತೆ ಯಂತ್ರದ ಮುಂದೆ ಕುಳಿತಳು. ಗಿಣಿ ಅಭ್ಯಾಸಬಲದಿಂದ ಬುಡದಲ್ಲಿ ಕುಳಿತು ದಾರ ಕತ್ತರಿಸತೊಡಗಿದಳು. "ಬೇಡ, ನೀನು ಓದು, ಓದು!" ಎಂದು ತಾಯಿ ಅವಳ ಕೈಯಿಂದ ಕತ್ತರಿ ಕಸಿದುಕೊಂಡಳು. ಹುಡುಗಿಗೆ ಅಕ್ಷರಗಳೇನೋ ಬೇಗನೆ ಗುರುತಾದವು. ಆದರೆ ಅವು ಸೇರಿ ಪದವಾಗುವ ಹೊತ್ತಿಗೆ ಕಿವಿ ಮುಂದೆ ಓಡಿ ಏನನ್ನೋ ಊಹಿಸಿಬಿಡುತ್ತಿತ್ತು. ಅವಸರದಿಂದ ಆಗುವ ಕೆಲಸವಲ್ಲವೆಂದು ನನಗೆ ತಿಳಿದಿತ್ತು. ಆದರೂ ಆ ತಾಯಿಯ ಮುಖ ನೋಡಿ, ಗಿಣಿಗೆ ಇನ್ನೊಂದು ಪದ ತೋರಿಸಿದೆ.

ಪರೀಕ್ಷೆಯ ದಿನ ನಾನೂ ಜೊತೆಗೆ ಹೋದೆ. ದೊಡ್ಡವಳು ತನ್ನ ತರಗತಿಗೆ ಸಲ್ಲುವಳೆಂದರು. ವಕೀಲ ಪರೀಕ್ಷಿಸಿದ ಉಪಾಧ್ಯಾಯರನ್ನೇ ವಾದಕ್ಕೆಳೆದು ನಗಿಸಿ ತೇರ್ಗಡೆಯಾದ. ಪುಟ್ಟನಿಗೆ ಚಿಂತೆಯೇ ಇರಲಿಲ್ಲ. ಗಿಣಿಯ ಹಾಳೆ ಮುಖ್ಯೋಪಾಧ್ಯಾಯಿನಿಯ ಮುಂದೆ ಬಂದಿತು. ಅದರಲ್ಲಿ ಪ್ರಶ್ನೆಗಳನ್ನೇ ಮುತ್ತಿನಂಥ ಅಕ್ಷರದಲ್ಲಿ ಇನ್ನೊಮ್ಮೆ ಬರೆದಿತ್ತು.

ಬಾಯಲ್ಲಿ ಕೇಳಿ ನೋಡಿ ಮೇಡಂ ಎಂದು ನಾನು ಬೇಡಿಕೊಂಡೆ. ಆಕೆ ಒಳ್ಳೆಯವರು, ಕೇಳಿದರು. ಗಿಣಿ ನಾಲ್ಕನೆಯದಲ್ಲ, ಆರನೆಯ ತರಗತಿಯ ಪ್ರಶ್ನೆಗೂ ಪಟಪಟನೆ ಉತ್ತರ ಹೇಳಿದಳು. ಮುಖ್ಯೋಪಾಧ್ಯಾಯಿನಿ ಅವಳ ತಲೆ ಸವರಿ ನನ್ನ ಕಡೆ ತಿರುಗಿದರು.

"ಹುಡುಗಿ ಚುರುಕು, ಇಲ್ಲ ಅನ್ನಲ್ಲ. ಆದ್ರೆ ನಾಲ್ಕರಲ್ಲಿ ಕೂರಿಸಿದ್ರೆ ಬೋರ್ಡು ನೋಡಿ ಏನು ಮಾಡ್ತಾಳೆ? ಅಲ್ಲಿ ಅಕ್ಷರದಿಂದ ಹೇಳಿಕೊಡೋರು ಯಾರು? ನೀವಾಗಿದ್ರೆ ಏನು ಮಾಡ್ತಿದ್ರಿ ಮೇಷ್ಟ್ರೇ?"

ಟೈಲರಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತಿದ್ದಳು. ಗಿಣಿಗೆ ಒಂದನೆಯ ತರಗತಿ ಎಂದಾಯಿತು, ಪುಟ್ಟನ ಜೊತೆ.

ಆ ಶಾಲೆಯಲ್ಲಿ ಎರಡನೆಯ ತರಗತಿಯವರೆಗಿನ ಹುಡುಗಿಯರಿಗೆ ಹೆಗಲಪಟ್ಟಿಯ ಫ್ರಾಕು, ಮುಂದಿನವರಿಗೆ ಲಂಗ ಮತ್ತು ಅಂಗಿ. ಗಿಣಿಯ ಲಂಗ ಆಗಲೇ ಹೊಲಿದು ಇಸ್ತ್ರಿಯಾಗಿ ಮೊಳೆಗೆ ನೇತುಹಾಕಿತ್ತು. ಮರುದಿನ ಸಂಜೆ ನಾನು ಹೋದಾಗ ಟೈಲರಮ್ಮ ನೆಲದ ಮೇಲೆ ಬಟ್ಟೆ ಹಾಸಿ, ಫ್ರಾಕಿನ ಅಳತೆಗೆ ಕತ್ತರಿಸಿದ ಕಾಗದದ ಪಡಿಯಚ್ಚನ್ನು ಅದರ ಮೇಲಿಟ್ಟು ನೋಡುತ್ತಿದ್ದಳು. ಪಡಿಯಚ್ಚು ಆರು ವರ್ಷದ ಮಗುವಿನದು. ಗಿಣಿಯ ಅಳತೆಗೆ ಅಂಥ ಫ್ರಾಕನ್ನು ಯಾರೂ ಹೊಲಿಸುವುದಿಲ್ಲ. ಆಕೆ ಕಾಗದದ ಸುತ್ತಲೂ ದೂರದೂರಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಗೆರೆಯ ಮೇಲೆಯೇ ಕತ್ತರಿಸಿದಳು. ಬೇರೆಯವರ ಮಕ್ಕಳ ಬಟ್ಟೆಗೆ, ಮಕ್ಕಳು ಬೆಳೆದ ಮೇಲೂ ಆಗಲಿ ಎಂದು ಅಂಚಿನಲ್ಲಿ ನಾಲ್ಕು ಬೆರಳು ಮಡಿಕೆ ಬಿಡುತ್ತಿದ್ದವಳು.

"ಮಡಿಕೆಗೆ ಬಿಡ್ಲಿಲ್ವೇನಮ್ಮಾ?"

"ಬಿಡಲ್ಲ," ಎಂದಳು. "ಬರೋ ವರ್ಷಾನೂ ಇದನ್ನೇ ಹಾಕ್ಕೋ ಅಂತ ನಾನೇ ಹೊಲಿದು ಕೊಡ್ಲಾ?"

ಹೊಲಿದು ಮುಗಿಯಿತು. ಗಿಣಿ ತೊಟ್ಟು ನಿಂತಳು. ಪುಟ್ಟನಿಗೆ ಖುಷಿಯೋ ಖುಷಿ. "ನಾವಿಬ್ರೂ ಒಂದೇ ಕ್ಲಾಸು! ನನ್ನ ಪಕ್ಕಾನೇ ಕೂರ್ಬೇಕು ನೀನು!" ಎಂದು ಅವಳ ಸುತ್ತ ಕುಣಿದ. ವಕೀಲ ಅಂದು ಯಾವ ವಾದವನ್ನೂ ಹೂಡಲಿಲ್ಲ, ಬಾಗಿಲಿನ ಕಡೆ ನೋಡುತ್ತ ಕುಳಿತಿದ್ದ. ದೊಡ್ಡವಳು ತಂಗಿಯ ಹಿಂದೆ ನಿಂತು ಬೆನ್ನಿನ ಗುಂಡಿಗಳನ್ನು ಹಾಕುತ್ತಿದ್ದಳು.

"ಬೆಂಚಿನ ಮಧ್ಯೆ ಕೂತ್ಕೋಬೇಡ," ಎಂದಳು ಮೆಲ್ಲಗೆ. "ತುದೀಲಿ ಕೂತ್ಕೋ. ಕಾಲು ಹೊರಗೆ ಚಾಚಬಹುದು."

"ಯಾವ ತುದಿ ಅಕ್ಕಾ?"

"ಗೋಡೆ ಕಡೆ ಅಲ್ಲ. ಓಡಾಡೋ ಕಡೆ."

ತಾಯಿ ಇತ್ತ ತಿರುಗಲಿಲ್ಲ. ಪೆಡಲಿನ ಮೇಲೆ ಕಾಲಿಟ್ಟು ತುಳಿಯತೊಡಗಿದಳು. ಸೂಜಿಯ ಕೆಳಗೆ ಬಟ್ಟೆ ಇರಲಿಲ್ಲ. ಯಂತ್ರ ಬರಿದೇ ಓಡಿತು. ಆ ಸದ್ದಿಗೆ ಮಕ್ಕಳಲ್ಲಿ ಯಾರೂ ಗಟ್ಟಿಯಾಗಿ ಓದಲಿಲ್ಲ.