ಗಾರುಡಿ ಶಾಲೆಯ ಸೀಟು

ಇವತ್ತು ಹತ್ತರಗಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ತಾಯಿ ತನ್ನ ಪುಟ್ಟ ಮಗಳಿಂದ ಕರವಸ್ತ್ರವನ್ನು ಗಾಳಿಯಲ್ಲಿ ತೇಲಿಸುತ್ತಿದ್ದಳು. "ಏಳಂತ ಹೇಳ್. ಇಂಗ್ಲೀಷ್‌ನ್ಯಾಗ ಹೇಳ್!" ಕರವಸ್ತ್ರ ಗೇಣು ಮೇಲೆದ್ದು ಬಿತ್ತು. ತಾಯಿಯ ಮುಖವೂ ಬಿತ್ತು. ಸಂಕೇಶ್ವರದ ಗಾರುಡಿ ಶಾಲೆಯ ಸಂದರ್ಶನಕ್ಕೆ ಹೊರಟವರು ಅವರು, ಕೇಳಬೇಕಾಗಿಯೇ ಇರಲಿಲ್ಲ. ಆ ಮುಖವನ್ನು ನಾನೂ ಒಂದು ಕಾಲದಲ್ಲಿ ಹೊತ್ತು ತಿರುಗಿದವನು.

ನಮ್ಮ ಕಡೆ ಮಕ್ಕಳಿಗೆ ಹಲ್ಲು ಬಂದ ಹಾಗೆ ವಿದ್ಯೆಯೂ ಬರುತ್ತದೆ, ನಿಮಗೆ ಗೊತ್ತೇ ಇದೆ. ನನ್ನ ಮಗಳು ಸುರೇಖಾಳದು ಅಂಗೈಯಲ್ಲಿ ಬಂತು. ಚಳಿಗೆ ಸೆಟೆದ ಕುರಿಮರಿಯನ್ನು ಅವಳು ಎರಡು ಕೈಯಲ್ಲಿ ಹಿಡಿದು ಕೂತರೆ ಸಾಕು, ಮರಿ ಬೆಚ್ಚಗಾಗಿ ಕಿವಿ ಒದರುತ್ತಿತ್ತು. ತುಕ್ಕಾನಟ್ಟಿಯಲ್ಲಿ ಕುರಿ ಸಾಕುವ ನಮಗೆ ಇದು ಸಣ್ಣದಲ್ಲ. ಆದರೆ ಪಕ್ಕದ ಮನೆಯ ಪದ್ಮಣ್ಣ ಕಾಕಾನ ಮೊಮ್ಮಗ ಗಾರುಡಿ ಶಾಲೆ ಸೇರಿ, ರಜೆಗೆ ಬಂದಾಗ ನೆಲ ಮುಟ್ಟದೆ ನಡೆಯತೊಡಗಿದ.

"ಸರಕಾರಿ ಸಾಲ್ಯಾಗ ಬಿಟ್ರ ನಿನ್ ಮಗಳು ಕುರಿ ಹಿಂದ ಹೋಗತಾಳ ನೋಡಪಾ," ಅಂದರು ಕಾಕಾ.

ಅಲ್ಲಿಗೆ ನನ್ನ ನಿದ್ದೆ ಹೋಯಿತು. ಮಗಳನ್ನು ತೇಲಿಸುವ ವಿದ್ಯೆಯ ಟ್ಯೂಶನ್ನಿಗೆ ಹಾಕಿದೆ. ಹೆಂಡತಿ ಲಗಮವ್ವ ನನಗಿಂತ ಹೆಚ್ಚು ಹೆದರಿ, ಮಗಳ ಕೈಯಲ್ಲಿ ಚಮಚ ತೇಲಲೆಂದು ಸೋಮವಾರದ ಉಪವಾಸ ಹಿಡಿದಳು. ಚಮಚ ತೇಲಲಿಲ್ಲ, ಬಿಸಿಯಾಯಿತು.

ಸಂದರ್ಶನದ ದಿನ ಅಲ್ಲಿನ ದೊಡ್ಡ ಮೇಡಂ ಸುರೇಖಾಳ ಅಂಗೈ ಮುಟ್ಟಿ ನೋಡಿದರು. ಸೀಟು ಕೊಡುತ್ತೇವೆ ಅಂದರು. ನಾನು ಎದ್ದು ಕೈಮುಗಿದೆ.

"ಆದ್ರ ಈ ಕಾವು ತೆಗಿಬೇಕಾಗತೈತಿ. ಇದು ಕುರಿ ಕಾಯೂವರ ವಿದ್ಯಾ. ಇದು ಹೋದ್ರನ ತೇಲೂ ವಿದ್ಯಾ ಕೂಡತೈತಿ. ನೋವೇನೂ ಆಗಂಗಿಲ್ರಿ."

"ತಿರುಗಿ ಬರತೈತೇನ್ರಿ ಅದು?" ಲಗಮವ್ವ ಕೇಳಿದಳು.

"ಇಲ್ಲ. ತಿರುಗಿ ಯಾರಿಗೆ ಬೇಕ್ರಿ?"

ಸುರೇಖಾ ಎರಡೂ ಕೈಗಳನ್ನು ಲಂಗದ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡಳು. ಅದನ್ನು ನೋಡಿದ್ದೇ ಲಗಮವ್ವ ಎದ್ದಳು. ದೊಡ್ಡವರೆದುರು ಬಾಯಿಗಿಟ್ಟ ಸೆರಗು ತೆಗೆದು ಮಾತಾಡದ ಹೆಂಗಸು ಅವಳು.

"ಕಲಸ್ರಿ ಅಂತ ಕರಕೊಂಡ ಬಂದೇವ್ರಿ, ಇದ್ದದ್ದು ಕಸಗೋರಿ ಅಂತ ಅಲ್ಲ. ನಿಮ್ಮ ಸೀಟು ನಿಮ್ಮ ಕಡೇನ ಇರ್ಲಿ."

ಮರಳಿ ಬರುವಾಗ ಬಸ್ಸಿನಲ್ಲಿ ಅವಳು ಗಡಗಡ ನಡುಗುತ್ತಿದ್ದಳು. ಸುರೇಖಾ ಎರಡೂ ಅಂಗೈಯಲ್ಲಿ ಅವ್ವನ ಕೈ ಹಿಡಿದುಕೊಂಡಳು. ಹುಕ್ಕೇರಿ ದಾಟುವಷ್ಟರಲ್ಲಿ ನಡುಕ ನಿಂತಿತ್ತು.

ಸುರೇಖಾ ಸರಕಾರಿ ಶಾಲೆಯಲ್ಲೇ ಓದಿದಳು. ಗೋಕಾಕದಲ್ಲಿ ಕಾಲೇಜು ಮುಗಿಸಿದಳು. ಈವತ್ತಿಗೂ ನೆಲದ ಮೇಲೇ ನಡೆಯುತ್ತಾಳೆ. "ಸೀಟು ಬಿಟ್ಟು ತಪ್ಪು ಮಾಡಿದ್ರಿ" ಎಂದು ಊರು ಹೇಳುತ್ತಲೇ ಇದೆ. ಹೇಳಲಿ ಬಿಡಿ.

ಬಸ್ಸು ಬಂತು, ಹುಕ್ಕೇರಿಯಲ್ಲಿ ಮಗಳ ಮನೆ ಸೇರಿದೆ. ಮೊಮ್ಮಗಳು ಹಿತ್ತಲಲ್ಲಿ ಗುನುಗುತ್ತಿದ್ದಳು. ಜೇನುಹುಳುಗಳು ಅವಳ ಸುತ್ತ ಗುಂಪುಗೂಡಿದ್ದವು, ಒಂದೂ ಕಚ್ಚುತ್ತಿರಲಿಲ್ಲ. ಅಳಿಯ ಚಹಾ ಕೊಡುತ್ತ ಮೆಲ್ಲಗೆ ಕೇಳಿದರು: "ಮಾವಾರ, ಸಂಕೇಶ್ವರದಾಗ ಸೀಟಿಗೆ ಈಗಿಂದನ ಹೇಳಿಡೂಣೇನ್ರಿ?"

ಲಗಮವ್ವ ಜೊತೆಗೆ ಬಂದಿರಲಿಲ್ಲ. ಈ ಸಲ ನಾನೇ ಹೇಳಬೇಕಿತ್ತು.

"ಮೊದಲ ಕೂಸಿನ್ನ ಕೇಳ್ರಿ. ಆಕಿ ಬ್ಯಾಡಂದ್ರ, ಆ ಸಾಲಿ ಗೇಟಿಗೆ ನಾ ಅಡ್ಡ ಮಲಗತೇನಿ."

ಅಳಿಯ ನಕ್ಕರು. ನಾನು ನಗಲಿಲ್ಲ.