ಅಣ್ಣನ ಮಾತ್ರೆಯ ಪಾಲು

ಅಣ್ಣ ಹಗ್ಗ ಬಿಟ್ಟ.

ಹತ್ತಾರು ಮಂದಿ ಸಾಲಾಗಿ ನಿಂತು ದಡಕ್ಕೆಳೆಯುವ ರಂಪಣಿ ಬಲೆಯ ಹಗ್ಗ ಹಿಡಿದವನು ಬಲೆ ದಡಕ್ಕೆ ಬರುವವರೆಗೆ ಕೈ ಬಿಡುವ ಪದ್ಧತಿ ನಮ್ಮ ಉಪ್ಪುಂದದಲ್ಲಿಲ್ಲ. ಶಾಲೆಗೆ ಹೊರಟಿದ್ದ ನಾನು ನಿಂತು ನೋಡಿದೆ. ಅವನು ಸಾಲಿನಿಂದ ಈಚೆ ಬಂದು, ಬಗ್ಗಿ ಕೆಮ್ಮಿ ಉಗುಳಿದ. ಕಾಲಿನಿಂದ ಅದರ ಮೇಲೆ ಮರಳು ತಳ್ಳಿದ. ನಾನು ಹೋಗಿ ಆ ಮರಳು ಸರಿಸಿದೆ.

ಕೆಂಪಗಿತ್ತು.

“ಎಂತದಾ ಇದ್?”

“ಎಂತ ಇಲ್ಲೆ. ನೀನ್ ಶಾಲಿಗ್ ಹೋಗ್.”

ಮನೆಯಲ್ಲಿ ಇದ್ದವರು ನಾವಿಬ್ಬರೇ. ಅಪ್ಪ, ಅಮ್ಮ ತೀರಿಕೊಂಡ ಮೇಲೆ ಬಲೆ ಎಳೆದು ನನ್ನನ್ನು ಓದಿಸಿ ಟೀಚರ್ ಮಾಡಿದವನು ಅವನು. ಅವನಿಗೇನಾದರೂ ಆದರೆ ನನಗೆ ಯಾರೂ ಇಲ್ಲ. ಇದನ್ನು ಅವನ ಎದುರು ಯಾವತ್ತೂ ಹೇಳಿಲ್ಲ. ಹೇಳಿದರೆ ನಗುತ್ತಿದ್ದ.

ಕುಂದಾಪುರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಟಿ.ಬಿ. ಎಂದರು. ಈಗ ಮದ್ದಿದೆ, ಹೆದರಬೇಡಿ ಎಂದೂ ಹೇಳಿದರು. ಸೊಂಟಕ್ಕೆ ಇಂಜೆಕ್ಷನ್, ಆಮೇಲೆ ಮಾತ್ರೆ. ದಿನಾ ಬೆಳಿಗ್ಗೆ ಗಂಜಿ ಬಡಿಸಿ, ಮಾತ್ರೆಯನ್ನು ಅವನ ಅಂಗೈಗೆ ಹಾಕಿ ನಾನು ಶಾಲೆಗೆ ಓಡುತ್ತಿದ್ದೆ. ದಾರಿಯಲ್ಲಿ ಮಂಜಣ್ಣ ಎದುರಾಗುತ್ತಿದ್ದ. ಅಣ್ಣನ ಪಕ್ಕದಲ್ಲೇ ಹಗ್ಗ ಹಿಡಿಯುವವನು, ಅವನ ಜೀವದ ಗೆಳೆಯ. ರಂಪಣಿಯಲ್ಲಿ ಕಾಯಿಲೆ ಬಿದ್ದು ಮಲಗಿದವನಿಗೂ ಪಾಲು ತಪ್ಪುವುದಿಲ್ಲ. ಅಣ್ಣನ ಪಾಲಿನ ಮೀನನ್ನು ಮನೆಗೆ ತಲುಪಿಸುವ ಕೆಲಸ ಮಂಜಣ್ಣ ತಾನಾಗಿ ವಹಿಸಿಕೊಂಡಿದ್ದ. ಇಂಥ ಸ್ನೇಹ ಯಾರಿಗುಂಟು ಎಂದು ನಾನು ಶಾಲೆಯ ಟೀಚರುಗಳೆದುರು ಹೊಗಳಿದ್ದೇ ಹೊಗಳಿದ್ದು.

ಕೆಮ್ಮು ನಿಂತಿತು. ಅಣ್ಣನ ಕೆನ್ನೆ ತುಂಬಿತು. ಹೆಣ್ಣು ಕೊಡುವವರು ಬರಬಹುದು ಎಂದು ತಮಾಷೆ ಮಾಡಿದೆ. ಆದರೆ ಮಳೆಗಾಲ ಕಳೆದು ಬಲೆ ಮತ್ತೆ ನೀರಿಗಿಳಿಯುವ ಹೊತ್ತಿಗೆ ಜ್ವರ ಬಂತು. ಹಿಂದೆಯೇ ಕೆಮ್ಮು. ಹಿಂದೆಯೇ ರಕ್ತ.

ಕಫವನ್ನು ಮಂಗಳೂರಿಗೆ ಕಳುಹಿಸಿದರು. ವರದಿ ಬರುವವರೆಗೆ ನಾನು ತರಗತಿಯಲ್ಲಿ ಏನು ಕಲಿಸಿದೆನೋ ದೇವರಿಗೇ ಗೊತ್ತು. ಕೊನೆಗೆ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡರು.

“ರೆಸಿಸ್ಟೆನ್ಸ್ ಬಂದಿದೆ. ಈ ಮಾತ್ರೆಗೆ ಇವರ ರೋಗಾಣು ಇನ್ನು ಸಾಯುವುದಿಲ್ಲ.”

ನನಗೆ ಅರ್ಥವಾಗಲಿಲ್ಲ. ಮದ್ದು ಇದೆ, ಅಣ್ಣ ಇದ್ದಾನೆ, ಆದರೆ ಮದ್ದು ಅಣ್ಣನಿಗೆ ಹಿಡಿಯುವುದಿಲ್ಲ ಎಂದರೆ ಏನು?

“ಹೇಳಿದಷ್ಟು ಮಾತ್ರೆ ತಿಂದಿದ್ದಾರಾ? ಕಡಿಮೆ ತಿಂದರೆ ಹೀಗಾಗುತ್ತದೆ.”

“ದಿನಾ ನಾನೇ ಕೈಯಾರೆ ಕೊಟ್ಟಿದ್ದೇನೆ ಡಾಕ್ಟ್ರೇ.” ನನ್ನ ದನಿ ಏರಿತ್ತು. ಅಣ್ಣ ನೆಲ ನೋಡುತ್ತಿದ್ದ.

ಊರಿಗೆ ಮರಳುವ ಬಸ್ಸು ಹೆಮ್ಮಾಡಿ ದಾಟಿದ ಮೇಲೆ ಅಣ್ಣ ಬಾಯಿಬಿಟ್ಟ.

“ಅರ್ಧ ಮಂಜಂಗೆ ಕೊಡ್ತಿದ್ದೆ.”

ಪಕ್ಕದಲ್ಲಿ ಕೂತವರು ತಿರುಗಿ ನೋಡಿದರು. ನಾನು ದನಿ ತಗ್ಗಿಸಿ ಕೇಳಿದೆ.

“ಎಂತಕ್ಕ್ ಕೊಟ್ಟದ್ದ್?”

“ಅವ್ನೂ ಕೆಮ್ಮುಕೆ ಶುರು ಮಾಡಿದ. ಅವ್ನ್ ಮಗಳಿಗೆ ಸಂಬಂಧ ಕಾಂತಿದ್ರ್. ಆಸ್ಪತ್ರಿಗ್ ಹೋದ್ರೆ ಊರಿಗೆಲ್ಲ ಗೊತ್ತಾತ್ತ್. ನಾ ಮಲ್ಕಂಡಾಗ ನನ್ ಪಾಲ್ ತಪ್ಪಿತ್ತಾ ಹೇಳ್? ಮತ್ತೆ ನಾನೊಬ್ನೇ ಹ್ಯಾಂಗೆ ತಿಂಬುದ್?”

ಮೀನು ತಂದ ಬುಟ್ಟಿಯಲ್ಲೇ ಮಾತ್ರೆ ವಾಪಸು ಹೋಗುತ್ತಿತ್ತು. ಮಕ್ಕಳಿಗೆ ಭಾಗಾಕಾರ ಕಲಿಸುವವಳ ಮನೆಯಲ್ಲಿ ಅಣ್ಣ ಜೀವವನ್ನೇ ಭಾಗ ಮಾಡಿ ಹಂಚಿದ್ದ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಬಸ್ಸಿಳಿದು ನೇರ ಮಂಜಣ್ಣನ ಮನೆಗೆ ನಡೆದೆ. ಬೈಯಬೇಕೆಂದು ಕಟ್ಟಿಕೊಂಡ ಮಾತೆಲ್ಲ ಅವನನ್ನು ಕಂಡೊಡನೆ ಬಿದ್ದುಹೋಯಿತು. ಅಂಗಳದಲ್ಲಿ ಕೂತವನ ಭುಜದ ಎಲುಬು ಅಂಗಿಯೊಳಗಿಂದ ಎದ್ದು ಕಾಣುತ್ತಿತ್ತು.

“ಈಗ್ಲೇ ಆಸ್ಪತ್ರಿಗ್ ಹೋಪ, ಏಳ್” ಎಂದೆ.

“ಹೆಣ್ಣಿನ ಮದಿ ಒಂದ್ ಆಯ್ಲಿ ಟೀಚ್ರೇ. ಮತ್ತೆ ನೀವ್ ಹೇಳ್ದಲ್ಲಿಗ್ ಬತ್ತೆ.”

ಮದುವೆಯಾಯಿತು. ಚಪ್ಪರದಲ್ಲಿ ಬಾಯಿಗೆ ಶಾಲು ಒತ್ತಿಕೊಂಡು ಕೂತಿದ್ದ. ಮಗಳು ಗಂಡನ ಮನೆಗೆ ಹೋದ ವಾರದಲ್ಲೇ ರಕ್ತ ಕಾರಿಕೊಂಡ. ಕುಂದಾಪುರ ತಲುಪುವವರೆಗೂ ಉಳಿಯಲಿಲ್ಲ.

ಮಂಜಣ್ಣ ಹೋದ.

ಅಣ್ಣ ಆಗ ಮಂಗಳೂರಿನ ವಾರ್ಡಿನಲ್ಲಿದ್ದ. ಸುದ್ದಿಯನ್ನು ನಾನೇ ಹೇಳಬೇಕಾಯಿತು. ಅವನು ಗೋಡೆಯ ಕಡೆ ತಿರುಗಿದ. ಆ ದಿನದ ಮಾತ್ರೆ ಬೇಡ ಎಂದ. ನಾನು ಗದರಿಸಿ ತಿನ್ನಿಸಿದೆ. ಎಲ್ಲಿಂದಲೋ ತರಿಸಿದ ಬೇರೆ ಮಾತ್ರೆಗಳು ಅವು, ಹೊಟ್ಟೆಗಿಳಿದರೆ ಕರುಳೇ ಬಾಯಿಗೆ ಬರುವಂಥವು. ಜೊತೆಗೆ ದಿನಾ ಹೊಸ ಇಂಜೆಕ್ಷನ್. ಕಿವಿ ಹೋಗಬಹುದು ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಕಿವಿ ಬೇಕೋ ಅಣ್ಣ ಬೇಕೋ ಎಂದು ನನ್ನನ್ನು ಕೇಳಿದ ಹಾಗಿತ್ತು ಅದು. ಮೊದಲು ಗುಂಯ್ ಎಂದಿತಂತೆ. ಆಮೇಲೆ ಒಂದೊಂದೇ ಸದ್ದು ಆರಿಹೋಯಿತು. ಕಡಲಿನ ಸದ್ದು ಕೇಳುವುದಿಲ್ಲ ಎಂದು ಊರಿಗೆ ಬಂದ ದಿನ ಹೇಳಿದ. ಕಡಲೆದುರೇ ನಿಂತು ಹೇಳಿದ. ಅವತ್ತು ನಾನು ಅತ್ತೆ.

ಈಗ ನಮ್ಮ ಮಾತೆಲ್ಲ ಸ್ಲೇಟಿನಲ್ಲಿ. ಬೆಳಿಗ್ಗೆ ಮಾತ್ರೆ ನುಂಗಿ, ನಾಲಗೆ ಎತ್ತಿ ತೋರಿಸಿದ ಮೇಲೆಯೇ ನಾನು ಶಾಲೆಗೆ ಹೊರಡುವುದು. ಒಂದನೇ ತರಗತಿಯ ಮಕ್ಕಳೂ ಇಷ್ಟು ವಿಧೇಯರಲ್ಲ. ರಂಪಣಿಯವರು ಅವನ ಪಾಲನ್ನು ಇವತ್ತಿಗೂ ತಪ್ಪಿಸಿಲ್ಲ. ಬಂದ ಮೀನನ್ನು ಅವನು ಎರಡು ಗುಪ್ಪೆ ಮಾಡುತ್ತಾನೆ. ಒಂದು ಮಂಜಣ್ಣನ ಹೆಂಡತಿಗೆ. ಅದನ್ನು ಕೊಟ್ಟು ಬರುವವಳು ನಾನು. ಇದಕ್ಕೆ ನನ್ನ ತಕರಾರಿಲ್ಲ. ಮೀನನ್ನು ಎಷ್ಟು ಪಾಲು ಬೇಕಾದರೂ ಮಾಡಲಿ.

ಮೊನ್ನೆ ಕಫದ ವರದಿ ಬಂತು. ರೋಗಾಣು ಕಾಣಲಿಲ್ಲವಂತೆ. ಮದ್ದು ಇನ್ನೂ ಬಹಳ ಕಾಲ ತಿನ್ನಬೇಕು, ಈಗಲೇ ಗೆದ್ದೆವು ಎನ್ನಬೇಡಿ ಎಂದರು ಡಾಕ್ಟರು. ನಾನು ಎನ್ನಲಿಲ್ಲ. ಮನೆಗೆ ಬಂದು ಸ್ಲೇಟಿನಲ್ಲಿ ದೊಡ್ಡದಾಗಿ ಬರೆದೆ: ಕಫದಲ್ಲಿ ಏನೂ ಇಲ್ಲ.

ಅಣ್ಣ ಓದಿದ. ಮುಖವೆಲ್ಲ ಅರಳಿತು. ಕಿವಿ ಕೇಳದವರ ದೊಡ್ಡ ದನಿಯಲ್ಲಿ, ಇಡೀ ಕೇರಿಗೆ ಕೇಳುವಂತೆ ಕೂಗಿದ:

“ಮಂಜಂಗೆ ಹೇಳಿದ್ಯಾ?”

ಹೇಳಿದ ಮೇಲೆ ಅವನಿಗೇ ನೆನಪಾಯಿತು. ಸ್ಲೇಟನ್ನು ನನ್ನ ಕೈಗೆ ಕೊಟ್ಟ. ಮೀನಿನ ಬುಟ್ಟಿ ಎಳೆದುಕೊಂಡು ಪಾಲು ಮಾಡಲು ಕೂತ.